ಎರಡು ಕೃತಿ, ಒಂದು ಪ್ರಶ್ನೆ: ಡಿಸ್ಟೋಪಿಯಾ ಕುರಿತು ತೌಲನಿಕ ಪ್ರಬಂಧ ಬರೆಯೋದು ಹೇಗೆ

‘ಮಾನವ ಮತ್ತು ನಿಸರ್ಗ: ಎರಡು ಡಿಸ್ಟೋಪಿಯಾ ಕೃತಿಗಳ ಹೋಲಿಕೆ.’ ಡಿಸ್ಟೋಪಿಯಾ ಅಂದರೆ ಬದುಕು ಕೆಟ್ಟುಹೋದ ಒಂದು ಕಲ್ಪಿತ ಲೋಕ. ಸಾಹಿತ್ಯ ಓದುವವರಿಗೆ ಇಂಥ ಅಸೈನ್‌ಮೆಂಟ್ ಬಂದಾಗ ಮೊದಲಿಗೆ ಖುಷಿಯಾಗುತ್ತದೆ. ಸುಲಭ ಅನ್ನಿಸುತ್ತದೆ. ಮನುಷ್ಯ ಕಾಡು ಕಡಿದ, ಯಂತ್ರ ಕಟ್ಟಿದ, ಕೊನೆಗೆ ತಾನೇ ಹಾಳಾದ. ಇಷ್ಟೇ ಅಲ್ವಾ?

ಇಷ್ಟನ್ನೇ ನಂಬಿ ಬರೆದ ಪ್ರಬಂಧಗಳನ್ನು ಮೈಸೂರಿನಲ್ಲೂ ಮಂಡ್ಯದಲ್ಲೂ ಬೇಕಾದಷ್ಟು ಓದಿದ್ದೇನೆ. ಮೊದಲ ಅರ್ಧ ಒಂದು ಕೃತಿಯ ಕಥೆ. ಉಳಿದರ್ಧ ಇನ್ನೊಂದರ ಕಥೆ. ಕೊನೆಗೆ ‘ಹೀಗೆ ಎರಡೂ ಕೃತಿಗಳು ನಿಸರ್ಗದ ಮಹತ್ವವನ್ನು ಸಾರುತ್ತವೆ’ ಅನ್ನುವ ಸಾಲು. ಮದುವೆ ಮನೆಯಲ್ಲಿ ಹೆಣ್ಣಿನ ಕಡೆಯವರೂ ಗಂಡಿನ ಕಡೆಯವರೂ ಮುನಿಸಿಕೊಂಡು ಬೇರೆ ಬೇರೆ ಸಾಲಿನಲ್ಲಿ ಊಟಕ್ಕೆ ಕೂತ ಹಾಗೆ. ಛತ್ರ ಒಂದೇ, ಮಾತು ಮಾತ್ರ ಇಲ್ಲ. ಅವರನ್ನು ಮಾತಿಗೆ ಕೂರಿಸಬೇಕಾದರೆ ಇಬ್ಬರ ಮುಂದೆಯೂ ಒಂದೇ ಪ್ರಶ್ನೆ ಇಡಬೇಕು. ಈ ಲೇಖನದ ಬಹುಪಾಲು ಆ ಪ್ರಶ್ನೆಯನ್ನು ಹುಡುಕುವ ಬಗ್ಗೆಯೇ ಇದೆ.

ಕೃತಿಗಳನ್ನು ಆರಿಸುವುದು

ಮೇಷ್ಟ್ರೇ ಕೃತಿಗಳನ್ನು ಕೊಟ್ಟಿದ್ದರೆ ಈ ಭಾಗ ಬಿಟ್ಟು ಮುಂದೆ ಹೋಗಿ. ಆಯ್ಕೆ ನಿಮ್ಮದಾದರೆ, ತೀರಾ ಒಂದೇ ಮಾತು ಹೇಳುವ ಎರಡು ಕೃತಿ ಬೇಡ. ಹೋಲಿಸಲು ಏನೂ ಉಳಿಯುವುದಿಲ್ಲ. ಸಂಬಂಧವೇ ಇಲ್ಲದವೂ ಬೇಡ. ಕಾಳಜಿ ಒಂದೇ ಇರಬೇಕು, ಹುಟ್ಟಿದ ಕಾಲ ಬೇರೆ ಇರಬೇಕು. ಒಂದು ಪುಸ್ತಕ, ಇನ್ನೊಂದು ಸಿನಿಮಾ ಆದರೆ ಇನ್ನೂ ಒಳ್ಳೆಯದು.

ಇಲ್ಲಿ ಉದಾಹರಣೆಗೆ ಆಲ್ಡಸ್ ಹಕ್ಸ್‌ಲಿಯ ಕಾದಂಬರಿ ‘ಬ್ರೇವ್ ನ್ಯೂ ವರ್ಲ್ಡ್’ ಮತ್ತು ರಿಡ್ಲಿ ಸ್ಕಾಟ್ ನಿರ್ದೇಶನದ ‘ಬ್ಲೇಡ್ ರನ್ನರ್’ ಸಿನಿಮಾ ಇಟ್ಟುಕೊಳ್ಳೋಣ. ಕಾದಂಬರಿ ಬಂದದ್ದು 1932ರಲ್ಲಿ, ಸಿನಿಮಾ 1982ರಲ್ಲಿ. ನಡುವೆ ಸರಿಯಾಗಿ ಐವತ್ತು ವರ್ಷ. ಕಾದಂಬರಿ ನಡೆಯುವುದು ಲಂಡನ್ನಿನಲ್ಲಿ, ಕಾರು ತಯಾರಕ ಹೆನ್ರಿ ಫೋರ್ಡ್ ಹೆಸರಿನ ಶಕೆಯ 632ನೇ ವರ್ಷದಲ್ಲಿ. ಅಲ್ಲಿ ಮಕ್ಕಳು ತಾಯಿಯ ಹೊಟ್ಟೆಯಲ್ಲಿ ಹುಟ್ಟುವುದಿಲ್ಲ, ಬಾಟಲಿಯಲ್ಲಿ ತಯಾರಾಗುತ್ತಾರೆ. ಸಿನಿಮಾ ನಡೆಯುವುದು 2019ರ ನವೆಂಬರ್‌ನ ಲಾಸ್ ಏಂಜಲೀಸ್‌ನಲ್ಲಿ. ಸದಾ ಮಳೆ, ಸದಾ ಕತ್ತಲು. ಟೈರೆಲ್ ಅನ್ನುವ ಕಂಪನಿ ಮನುಷ್ಯರನ್ನೇ ಹೋಲುವ ರೆಪ್ಲಿಕೆಂಟ್‌ಗಳನ್ನು ತಯಾರಿಸುತ್ತದೆ. ಅವುಗಳಲ್ಲಿ ಹೊಸ ಮಾದರಿಯವಕ್ಕೆ ಆಯಸ್ಸು ನಾಲ್ಕೇ ವರ್ಷ.

ಸಿನಿಮಾ ಆರಿಸಿಕೊಂಡವರು ಯಾವ ಆವೃತ್ತಿ ನೋಡಿದಿರಿ ಅನ್ನುವುದನ್ನು ಮೊದಲ ಪ್ಯಾರಾದಲ್ಲೇ ಬರೆಯಿರಿ. ಇದು ಬರೀ ಶಿಸ್ತಿನ ಮಾತಲ್ಲ. 1982ರಲ್ಲಿ ಥಿಯೇಟರ್‌ಗೆ ಬಂದ ಆವೃತ್ತಿಯಲ್ಲಿ ಕೊನೆಗೆ ನಾಯಕ ನಾಯಕಿ ಕಾರಿನಲ್ಲಿ ಹಸಿರು ಬೆಟ್ಟಗಳ ನಡುವೆ ಹೋಗುತ್ತಾರೆ. 1992ರ ಡೈರೆಕ್ಟರ್ಸ್ ಕಟ್, 2007ರ ಫೈನಲ್ ಕಟ್ ಎರಡರಲ್ಲೂ ಆ ಹಸಿರು ಇಲ್ಲ. ನಿಮ್ಮ ವಿಷಯವೇ ನಿಸರ್ಗ ಅಂದ ಮೇಲೆ ಕೊನೆಯಲ್ಲಿ ಬೆಟ್ಟ ಇದೆಯೋ ಇಲ್ಲವೋ ಅನ್ನುವುದು ಇಡೀ ವಾದವನ್ನೇ ಬದಲಿಸುತ್ತದೆ. ಇನ್ನೊಂದು ತಮಾಷೆ: ಆ ಬೆಟ್ಟದ ವೈಮಾನಿಕ ದೃಶ್ಯಗಳು ‘ದಿ ಶೈನಿಂಗ್’ ಸಿನಿಮಾಕ್ಕೆ ತೆಗೆದು ಬಳಸದೆ ಉಳಿದಿದ್ದ ರೀಲು. ಅಂದರೆ ಆ ಹಸಿರೂ ಸೆಕೆಂಡ್ ಹ್ಯಾಂಡ್ ಮಾಲು! ಅಡಿಟಿಪ್ಪಣಿಯಲ್ಲಿ ಹಾಕಲು ಒಳ್ಳೆಯ ಸಂಗತಿ.

ಓದುವುದು, ನೋಡುವುದು

ಮೊದಲ ಸಲ ಪೆನ್ನು ಹಿಡಿಯಬೇಡಿ. ಸುಮ್ನೆ ಓದಿ, ಸುಮ್ನೆ ನೋಡಿ. ಕಥೆ ಒಳಗೆ ಇಳಿಯಲಿ.

ಎರಡನೇ ಸಲ ನೋಟ್‌ಬುಕ್ಕಿನ ಪುಟಕ್ಕೆ ನಡುವೆ ಗೆರೆ ಎಳೆದು ಎಡಕ್ಕೆ ಕಾದಂಬರಿ, ಬಲಕ್ಕೆ ಸಿನಿಮಾ ಅಂತ ಮಾಡಿಕೊಳ್ಳಿ. ಕಥೆಯನ್ನು ಬರೆಯಬೇಡಿ, ಅದು ಎಲ್ಲ ಗೈಡ್‌ಗಳಲ್ಲೂ ಸಿಗುತ್ತದೆ. ಪ್ರಾಣಿ, ಹೂವು, ನೀರು, ಬಿಸಿಲು, ಆಕಾಶ, ಮಣ್ಣು ಎಲ್ಲೆಲ್ಲಿ ಕಾಣಿಸಿಕೊಳ್ಳುತ್ತವೋ ಅದನ್ನಷ್ಟೇ ಗುರುತು ಹಾಕಿ. ಯಾರ ಎದುರು ಬಂತು, ಅವರು ಅದಕ್ಕೆ ಏನು ಮಾಡಿದರು, ಎರಡೇ ಮಾತಿನಲ್ಲಿ. ಕಾದಂಬರಿಗೆ ಅಧ್ಯಾಯದ ಸಂಖ್ಯೆ, ಸಿನಿಮಾಕ್ಕೆ ನಿಮಿಷ. ಈಗ ಸೋಮಾರಿತನ ಮಾಡಿದರೆ ಸಲ್ಲಿಸುವ ಹಿಂದಿನ ರಾತ್ರಿ ಆ ಗೂಬೆ ಎಲ್ಲಿ ಬಂತು ಅಂತ ಇಡೀ ಸಿನಿಮಾ ಓಡಿಸುತ್ತಾ ಕೂರಬೇಕಾಗುತ್ತದೆ.

ಪಟ್ಟಿ ತುಂಬುತ್ತಿದ್ದಂತೆ ಒಂದು ವಿಚಿತ್ರ ಕಾಣುತ್ತದೆ. ನಿಸರ್ಗವೇ ಇಲ್ಲದ ಸಿನಿಮಾದ ಕಡೆ ಪ್ರಾಣಿಗಳ ಹೆಸರು ಜಾಸ್ತಿ ಬೀಳುತ್ತವೆ. ಗೂಬೆ, ಹಾವು, ಆಮೆ, ಕಣಜ, ಚಿಟ್ಟೆ, ಪಾರಿವಾಳ. ಕಾದಂಬರಿಯ ಲಂಡನ್ನಿನ ಸುತ್ತ ಹಳ್ಳಿಗಾಡು, ಕಡಲು ಎಲ್ಲ ಹಾಗೇ ಇದ್ದರೂ ಆ ಕಡೆ ಗಮನ ಕೊಡುವವರೇ ಇಲ್ಲ. ಇಂಥ ವಿಚಿತ್ರ ಕಂಡ ಕಡೆ ದೊಡ್ಡದಾಗಿ ವೃತ್ತ ಹಾಕಿ. ಪ್ರಬಂಧ ಅಲ್ಲಿಂದಲೇ ಹುಟ್ಟುವುದು.

ಪ್ರಶ್ನೆಯನ್ನು ಸಣ್ಣದು ಮಾಡುವುದು

‘ಮಾನವ ಮತ್ತು ನಿಸರ್ಗ’ ಅನ್ನುವುದು ಪ್ರಶ್ನೆಯಲ್ಲ, ಬರೀ ತಲೆಬರಹ. ಅದನ್ನು ಹಾಗೇ ಹಿಡಿದು ಹೊರಟರೆ ನಿಸರ್ಗ ಒಳ್ಳೆಯದು, ಯಂತ್ರ ಕೆಟ್ಟದ್ದು ಅನ್ನುವ ಭಾಷಣಕ್ಕೆ ಬಂದು ನಿಲ್ಲುತ್ತೀರಿ.

ಮಂಡ್ಯದ ಕಡೆಯವರಿಗಂತೂ ಆ ಭಾಷಣ ಒಪ್ಪುವುದಿಲ್ಲ. ಕೆಆರ್‌ಎಸ್ ಅಣೆಕಟ್ಟೆಯ ಕೆಲಸ 1911ರಲ್ಲಿ ಶುರುವಾಯಿತು. ಕಾವೇರಿಯನ್ನು ತಡೆದು ನಿಲ್ಲಿಸಿ, ನಾಲೆಯಲ್ಲಿ ಹರಿಸಿದ ಮೇಲೆಯೇ ಇಲ್ಲಿ ಕಬ್ಬು, ಭತ್ತ ಈ ಪ್ರಮಾಣದಲ್ಲಿ ಬಂದದ್ದು. ಬಸ್ಸಿನ ಕಿಟಕಿಯಿಂದ ಕಾಣುವ ಆ ಹಸಿರು ನಿಸರ್ಗವೋ, ಇಂಜಿನಿಯರಿಂಗೋ? ರಂಗನತಿಟ್ಟನ್ನೇ ನೋಡಿ. ಪಕ್ಷಿತಜ್ಞ ಸಲೀಂ ಅಲಿಯವರ ಒತ್ತಾಯದಿಂದ 1940ರಲ್ಲಿ ಪಕ್ಷಿಧಾಮವಾದ ಜಾಗ ಅದು. ಆದರೆ ಹಕ್ಕಿಗಳು ಗೂಡು ಕಟ್ಟುವ ಆ ನಡುಗಡ್ಡೆಗಳು ಆದದ್ದು ಹದಿನೇಳನೇ ಶತಮಾನದಲ್ಲಿ ಮೈಸೂರಿನ ಅರಸರು ನದಿಗೆ ಅಡ್ಡಲಾಗಿ ಕಟ್ಟಿಸಿದ ಒಡ್ಡಿನಿಂದ. ಮನುಷ್ಯ ಕೈ ಹಾಕಿದ ಕೂಡಲೇ ನಿಸರ್ಗ ಸತ್ತಿತು ಅನ್ನುವ ಲೆಕ್ಕ ಇಲ್ಲಿ ಸರಿಹೋಗುವುದಿಲ್ಲ. ಈ ಮಾತನ್ನೆಲ್ಲ ಪ್ರಬಂಧದಲ್ಲಿ ಬರೆಯಬೇಕಿಲ್ಲ. ತಲೆಯಲ್ಲಿದ್ದರೆ ಸಾಕು, ಪ್ರಶ್ನೆ ತಾನಾಗಿ ಚುರುಕಾಗುತ್ತದೆ.

‘ನಿಸರ್ಗ ನಾಶವಾಗಿದೆಯೇ?’ ಅಂತ ಕೇಳಿದರೆ ಹೌದು, ಇಲ್ಲ ಅಂದು ಮುಗಿಸಬಹುದು. ಅದರ ಬದಲು ಹೀಗೆ ಕೇಳಿ ನೋಡಿ: ನಿಸರ್ಗ ಯಾರ ಕೈಯಲ್ಲಿದೆ? ಅದಕ್ಕೆ ಬೆಲೆ ಕಟ್ಟಿದವರು ಯಾರು? ಅದನ್ನು ನೋಡಿದಾಗ ಜನರಿಗೆ ಏನನ್ನಿಸಬೇಕು ಅಂತ ತೀರ್ಮಾನ ಮಾಡುವವರು ಯಾರು? ಮೂರನ್ನೂ ಒಟ್ಟಿಗೆ ಹಿಡಿಯಬೇಡಿ. ಒಂದು ಸಾಕು. ನಾನಾದರೆ ಮೂರನೆಯದನ್ನು ಹಿಡಿಯುತ್ತೇನೆ. ಎರಡೂ ಕೃತಿಗಳಲ್ಲಿ ಅದಕ್ಕೆ ನೇರ ಉತ್ತರ ಕೊಡುವ ದೃಶ್ಯಗಳಿವೆ, ಅದೂ ಶುರುವಿನಲ್ಲೇ.

ದೃಶ್ಯಕ್ಕೆ ದೃಶ್ಯ

ತೌಲನಿಕ ಪ್ರಬಂಧದ ಜೀವ ಇರುವುದು ಇಲ್ಲಿ. ಇಡೀ ಕಾದಂಬರಿಗೆ ಇಡೀ ಸಿನಿಮಾ ಹೋಲಿಸಲು ಹೋದರೆ ಕೈಗೆ ಸಿಗುವುದು ಗಾಳಿ. ಒಂದು ದೃಶ್ಯಕ್ಕೆ ಒಂದು ದೃಶ್ಯ ಹಿಡಿಯಿರಿ.

ಕಾದಂಬರಿಯ ಎರಡನೇ ಅಧ್ಯಾಯ. ಮಕ್ಕಳನ್ನು ಬಾಟಲಿಯಲ್ಲಿ ತಯಾರಿಸುವ ಕೇಂದ್ರದ ನಿರ್ದೇಶಕ ವಿದ್ಯಾರ್ಥಿಗಳಿಗೆ ಒಂದು ಪ್ರಯೋಗ ತೋರಿಸುತ್ತಿದ್ದಾನೆ. ಕೋಣೆಯಲ್ಲಿ ಗುಲಾಬಿ ಹೂವಿನ ಬೋಗುಣಿಗಳನ್ನು ಸಾಲಾಗಿ ಇಟ್ಟಿದ್ದಾರೆ. ನಡುನಡುವೆ ಪ್ರಾಣಿ, ಮೀನು, ಹಕ್ಕಿಯ ಬಣ್ಣದ ಚಿತ್ರವಿರುವ ಪುಸ್ತಕಗಳು ತೆರೆದಿವೆ. ಖಾಕಿ ಬಟ್ಟೆಯ ಎಂಟು ತಿಂಗಳ ಕೂಸುಗಳನ್ನು ತಂದು ಬಿಡುತ್ತಾರೆ. ಅಷ್ಟರಲ್ಲಿ ಮೋಡ ಸರಿದು ಬಿಸಿಲು ಬೀಳುತ್ತದೆ, ಗುಲಾಬಿಗಳು ಝಗ್ಗನೆ ಹೊಳೆಯುತ್ತವೆ. ಕೂಸುಗಳು ಕೇಕೆ ಹಾಕುತ್ತಾ ಅಂಬೆಗಾಲಿಡುತ್ತವೆ, ಎಸಳು ಕೀಳುತ್ತವೆ. ಬೇಕು ಅಂತಲೇ ಮಾಡಿಸಿದ ಹಾಗಿದೆಯಲ್ಲ ಅಂತ ನಿರ್ದೇಶಕನಿಗೆ ಖುಷಿ. ಆಮೇಲೆ ನರ್ಸ್ ಒಂದು ಲಿವರ್ ಒತ್ತುತ್ತಾಳೆ. ಕಿವಿ ಕಿತ್ತುಹೋಗುವಂಥ ಸೈರನ್. ಅದರ ಹಿಂದೆಯೇ ನೆಲದಿಂದ ವಿದ್ಯುತ್ ಶಾಕ್. ಎರಡನೇ ಸಲ ಹೂವು ತೋರಿಸಿದಾಗ ಕೂಸುಗಳು ಕಿರುಚುತ್ತಾ ಹಿಂದೆ ಸರಿಯುತ್ತವೆ.

ಹೀಗೇಕೆ ಮಾಡುತ್ತಾರೆ? ಕಾರಣ ಶುದ್ಧ ವ್ಯಾಪಾರದ್ದು. ಮೊದಲು ಕೆಳವರ್ಗದವರಿಗೆ ಹೂವನ್ನು ಪ್ರೀತಿಸಲು ಕಲಿಸುತ್ತಿದ್ದರು. ಹೂವು ನೋಡಲು ಹಳ್ಳಿಗಾಡಿಗೆ ಹೋಗಲಿ, ಪ್ರಯಾಣಕ್ಕೆ ಖರ್ಚು ಮಾಡಲಿ ಅಂತ. ಆದರೆ ಹೂವು, ನೋಟ ಎಲ್ಲ ಪುಕ್ಕಟೆ. ನಿಸರ್ಗಪ್ರೇಮದಿಂದ ಯಾವ ಕಾರ್ಖಾನೆಯೂ ನಡೆಯುವುದಿಲ್ಲ. ಹಾಗಾಗಿ ಹಳ್ಳಿಗಾಡನ್ನು ದ್ವೇಷಿಸಲು ಕಲಿಸಿ, ಹಳ್ಳಿಗಾಡಿನಲ್ಲಿ ಆಡುವ ಆಟಗಳನ್ನು ಮಾತ್ರ ಇಷ್ಟಪಡುವಂತೆ ಮಾಡಿದರು. ಆಟಕ್ಕೆ ಸಲಕರಣೆ ಬೇಕು, ಸಲಕರಣೆಗೆ ಕಾರ್ಖಾನೆ ಬೇಕು. ಪ್ರಯಾಣದ ಖರ್ಚು ಹೇಗೂ ಇದ್ದೇ ಇದೆ.

ಈಗ ಸಿನಿಮಾ. ಕಂಪನಿಯ ಯಜಮಾನ ಟೈರೆಲ್‌ನ ಕಚೇರಿ, ಪಿರಮಿಡ್ಡಿನಂಥ ಕಟ್ಟಡದ ತುದಿಯಲ್ಲಿದೆ. ಕೆಳಗೆ ಊರೆಲ್ಲ ಹೊಗೆ, ಮಳೆ. ಇಲ್ಲಿ ಮಾತ್ರ ಚಿನ್ನದ ಬಣ್ಣದ ಬಿಸಿಲು. ಬಿಸಿಲು ಕೂಡ ದುಡ್ಡಿದ್ದವರ ಪಾಲು. ಕೋಣೆಯ ಉದ್ದಕ್ಕೂ ಗೂಬೆಯೊಂದು ಹಾರಿಹೋಗುತ್ತದೆ. ಕೃತಕವೇ ಅಂತ ಕೇಳುತ್ತಾನೆ ನಾಯಕ ಡೆಕರ್ಡ್. ತಪ್ಪಿಸಿಕೊಂಡ ರೆಪ್ಲಿಕೆಂಟ್‌ಗಳನ್ನು ಹುಡುಕಿ ಕೊಲ್ಲುವುದು ಅವನ ಕೆಲಸ. ಮತ್ತಿನ್ನೇನು ಅನ್ನುವಂತೆ ಉತ್ತರಿಸುತ್ತಾಳೆ ಟೈರೆಲ್‌ನ ಸಹಾಯಕಿ ರೇಚಲ್. ಬೆಲೆ ಜಾಸ್ತಿ ಇರಬೇಕು ಅಂದರೆ, ತುಂಬಾ ಅನ್ನುತ್ತಾಳೆ. ಆಮೇಲೆ ಅವಳಿಗೇ ವಾಯ್ಟ್-ಕ್ಯಾಂಫ್ ಪರೀಕ್ಷೆ. ಎದುರಿಗಿರುವುದು ಮನುಷ್ಯನೋ ರೆಪ್ಲಿಕೆಂಟೋ ಅಂತ ಕಣ್ಣಿನ ಪಾಪೆ ನೋಡಿ ಹೇಳುವ ಯಂತ್ರ ಅದು. ಪ್ರಶ್ನೆಗಳು ಎಂಥವು ಗೊತ್ತೇ? ಹುಟ್ಟುಹಬ್ಬಕ್ಕೆ ಕರುವಿನ ಚರ್ಮದ ಪರ್ಸ್ ಕೊಟ್ಟರೆ ಏನು ಮಾಡುತ್ತೀರಿ? ಮಗ ಚಿಟ್ಟೆಗಳನ್ನು ಕೊಂದು ಕೂಡಿಟ್ಟಿದ್ದನ್ನು ತಂದು ತೋರಿಸಿದರೆ? ಕೈಮೇಲೆ ಕಣಜ ಹರಿದರೆ? ಸಿನಿಮಾದ ಮೊದಲ ಪರೀಕ್ಷೆಯಲ್ಲೂ ಹೀಗೇ. ಮರಳುಗಾಡಿನಲ್ಲಿ ಬೆನ್ನಡಿಯಾಗಿ ಬಿದ್ದ ಆಮೆಗೆ ನೀನೇಕೆ ಸಹಾಯ ಮಾಡುತ್ತಿಲ್ಲ ಅಂತ ಲಿಯಾನ್ ಅನ್ನುವ ರೆಪ್ಲಿಕೆಂಟ್‌ನನ್ನು ಕೇಳುತ್ತಾರೆ. ಆಮೆ ಅಂದರೇನು ಅಂತ ಅವನೇ ತಿರುಗಿ ಕೇಳುತ್ತಾನೆ. ಅಂಥದ್ದನ್ನು ಅವನು ಕಂಡೇ ಇಲ್ಲ.

ಎರಡನ್ನೂ ಪಕ್ಕದಲ್ಲಿಟ್ಟು ನೋಡಿ. ಎರಡೂ ಕಡೆ ಕೋಣೆಯೊಳಗೆ ಬಂದ ಬಿಸಿಲು ಇದೆ. ಎರಡೂ ಕಡೆ ಒಬ್ಬ ಯಜಮಾನ ನಿಂತು ಪ್ರಯೋಗ ನೋಡುತ್ತಿದ್ದಾನೆ. ಪ್ರಯೋಗಕ್ಕೆ ಒಳಗಾದವರಿಗೆ ಏನು ನಡೆಯುತ್ತಿದೆ ಅಂತ ಗೊತ್ತಿಲ್ಲ. ಕೂಸುಗಳಿಗೆ ತಿಳಿವಳಿಕೆ ಇಲ್ಲ, ರೇಚಲ್‌ಗೆ ತಾನು ರೆಪ್ಲಿಕೆಂಟ್ ಅನ್ನುವುದೇ ತಿಳಿಯದು. ಎರಡೂ ಕಡೆ ಹೂವು, ಪ್ರಾಣಿ ಪ್ರಯೋಗದ ಸಾಮಾನಾಗಿವೆ. ಇವು ಹೋಲಿಕೆಗಳು. ಇನ್ನು ವ್ಯತ್ಯಾಸ: ಕಾದಂಬರಿಯಲ್ಲಿ ನಿಸರ್ಗದ ಕಡೆ ಹೋಗುವ ಮಗುವಿಗೆ ಶಿಕ್ಷೆ. ಸಿನಿಮಾದಲ್ಲಿ ಪ್ರಾಣಿಗಾಗಿ ಮರುಗದವನಿಗೆ ಶಿಕ್ಷೆ. ಅಲ್ಲಿ ಒಳ್ಳೆಯ ಪ್ರಜೆ ಅನ್ನಿಸಿಕೊಳ್ಳಲು ಹೂವನ್ನು ದ್ವೇಷಿಸಬೇಕು. ಇಲ್ಲಿ ಮನುಷ್ಯ ಅನ್ನಿಸಿಕೊಳ್ಳಲು, ಕಣ್ಣಾರೆ ಕಾಣದ ಆಮೆಗಾಗಿ ಕಣ್ಣಿನ ಪಾಪೆ ಅಲುಗಬೇಕು.

ಇಷ್ಟು ಸಿಕ್ಕಿತು ಅಂದರೆ ಅರ್ಧ ಪ್ರಬಂಧ ಆದಂತೆ. ಇಂಥ ಮೂರು ಜೋಡಿ ಸಾಕು, ನಾಲ್ಕನೆಯದು ಬೋನಸ್. ಇನ್ನೊಂದು ಜೋಡಿಯ ಸುಳಿವು ಕೊಡುತ್ತೇನೆ, ಬೆಳೆಸುವುದು ನಿಮಗೆ ಬಿಟ್ಟದ್ದು. ಸಿನಿಮಾದಲ್ಲಿ ಡೆಕರ್ಡ್‌ಗೆ ಒಂದು ಹುರುಪೆ ಸಿಗುತ್ತದೆ. ಸಂತೆಯಲ್ಲಿ ಮುದುಕಿಯೊಬ್ಬಳು ಅದನ್ನು ಮೈಕ್ರೋಸ್ಕೋಪಿನಲ್ಲಿಟ್ಟು, ಕೃತಕ ಹಾವಿನದ್ದು ಅನ್ನುತ್ತಾಳೆ. ಅದರ ಮೇಲೆ ತಯಾರಕರ ಸೀರಿಯಲ್ ನಂಬರ್ ಇದೆ. ಕಾದಂಬರಿಯ ಐದನೇ ಅಧ್ಯಾಯದಲ್ಲಿ ಸುಡುಗಾಡಿನ ಚಿಮಣಿಗಳಿಂದ ರಂಜಕವನ್ನು ಹಿಡಿದು ಗೊಬ್ಬರ ಮಾಡುತ್ತಾರೆ. ಒಬ್ಬ ವಯಸ್ಕನ ಹೆಣಕ್ಕೆ ಒಂದೂವರೆ ಕಿಲೋಗಿಂತ ಜಾಸ್ತಿ. ಒಂದರಲ್ಲಿ ಹಾವು ಫ್ಯಾಕ್ಟರಿಯ ಮಾಲು, ಇನ್ನೊಂದರಲ್ಲಿ ಹೆಣ ಫ್ಯಾಕ್ಟರಿಗೆ ಕಚ್ಚಾ ಮಾಲು.

ಮುಖ್ಯ ವಾದವನ್ನು ಒಂದು ವಾಕ್ಯಕ್ಕೆ ಇಳಿಸುವುದು

ಜೋಡಿಗಳು ಸಿಕ್ಕ ಮೇಲೆ ವಾದ ಬರೆಯಿರಿ, ಮುಂಚೆ ಬೇಡ. ಬಹಳ ಜನ ಇದನ್ನು ತಿರುಗುಮುರುಗು ಮಾಡುತ್ತಾರೆ. ವಾದವನ್ನು ಮೊದಲೇ ಬರೆದಿಟ್ಟು, ಆಮೇಲೆ ಅದಕ್ಕೆ ಸಾಕ್ಷಿ ಹುಡುಕುತ್ತಾರೆ. ಸಾಕ್ಷಿ ಸಿಗದಿದ್ದರೆ ಕೃತಿಯನ್ನೇ ಹಿಂಡುತ್ತಾರೆ.

ನನ್ನ ಪಟ್ಟಿಯಿಂದ ಹೊರಡುವ ವಾದ ಹೀಗಿರುತ್ತದೆ: ‘ಹಕ್ಸ್‌ಲಿಯ ಲೋಕದಲ್ಲಿ ನಿಸರ್ಗ ಉಳಿದಿದೆ, ಅದರ ಮೇಲಿನ ಹಂಬಲವನ್ನು ಕಿತ್ತುಹಾಕಿದ್ದಾರೆ; ಸ್ಕಾಟ್‌ನ ಲೋಕದಲ್ಲಿ ನಿಸರ್ಗ ಹೋಗಿದೆ, ಹಂಬಲ ಉಳಿದು ಮಾರಾಟದ ಸರಕಾಗಿದೆ.’ ಈ ವಾಕ್ಯಕ್ಕೆ ಒಂದು ಪರೀಕ್ಷೆ ಇದೆ. ಎರಡರಲ್ಲಿ ಒಂದು ಕೃತಿಯ ಹೆಸರು ತೆಗೆದರೂ ವಾಕ್ಯ ನಿಲ್ಲುತ್ತದೆಯೇ? ನಿಂತರೆ ಅದು ತೌಲನಿಕ ವಾದವಲ್ಲ. ‘ಎರಡೂ ಕೃತಿಗಳು ತಂತ್ರಜ್ಞಾನದ ಅಪಾಯ ಹೇಳುತ್ತವೆ’ ಅನ್ನುವುದು ಈ ಪರೀಕ್ಷೆಯಲ್ಲಿ ಡುಮ್ಕಿ ಹೊಡೆಯುತ್ತದೆ. ಇದಕ್ಕೆ ಯಾವ ಎರಡು ಹೆಸರು ಹಾಕಿದರೂ ನಡೆಯುತ್ತದೆ.

ನಿಮ್ಮ ವಾದ ನನ್ನದಕ್ಕಿಂತ ಬೇರೆ ಇರಬೇಕು. ಅದನ್ನೇ ಇಳಿಸಿಕೊಂಡರೆ ಮೇಷ್ಟ್ರಿಗೆ ಒಂದೇ ವಾಕ್ಯ ಹತ್ತು ಪೇಪರಿನಲ್ಲಿ ಸಿಗುತ್ತದೆ, ಆಮೇಲೆ ಕಷ್ಟ ನಿಮಗೇ.

ಕಾಲದ ಮಾತು ಎಲ್ಲಿ ಬರಬೇಕು

‘ಲೇಖಕರ ಪರಿಚಯ’ ಅಂತ ಒಂದು ಪುಟ ಬರೆದು ಹುಟ್ಟಿದ ಊರು, ತಾತನ ಹೆಸರು ಎಲ್ಲ ಹಾಕುವ ಅಭ್ಯಾಸ ಬಿಡಿ. ನೀವು ತೋರಿಸಿದ ವ್ಯತ್ಯಾಸ ಏಕೆ ಬಂತು ಅಂತ ವಿವರಿಸಲು ಕಾಲದ ಮಾತು ಬೇಕು, ಅಷ್ಟೇ.

ಫೋರ್ಡ್ ಕಂಪನಿಯ ಮಾಡೆಲ್ ಟಿ ಕಾರು ಬಂದದ್ದು 1908ರಲ್ಲಿ. ಕಾದಂಬರಿಯ ಶಕೆ ಶುರುವಾಗುವುದೂ ಅಲ್ಲಿಂದ. 1913ರಲ್ಲಿ ಚಲಿಸುವ ಜೋಡಣಾ ಸಾಲು ಬಂತು. ಒಂದೇ ಥರದ ವಸ್ತುವನ್ನು ಸಾವಿರಗಟ್ಟಲೆ ಮಾಡಬಹುದು ಅಂತ ಆಯಿತು. ಹಕ್ಸ್‌ಲಿ ಇದನ್ನೇ ಮನುಷ್ಯರಿಗೆ ಹೊಂದಿಸಿದ: ಒಂದು ಅಂಡದಿಂದ ತೊಂಬತ್ತಾರು ಅವಳಿಗಳು. ಆದರೆ ಕಾಡು, ಕಡಲು ಮುಗಿದುಹೋಗುವ ವಸ್ತು ಅನ್ನುವ ಭಯ 1932ರ ಆ ಕಾದಂಬರಿಯಲ್ಲಿ ಕಾಣುವುದಿಲ್ಲ. ಆಮೇಲೆ ಲೋಕ ಬದಲಾಯಿತು. ಕೀಟನಾಶಕಗಳ ಬಗ್ಗೆ ರೇಚಲ್ ಕಾರ್ಸನ್ ಬರೆದ ‘ಸೈಲೆಂಟ್ ಸ್ಪ್ರಿಂಗ್’ ಬಂದದ್ದು 1962ರಲ್ಲಿ. 1972ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ವಿಶ್ವಸಂಸ್ಥೆಯ ಪರಿಸರ ಸಮ್ಮೇಳನ ನಡೆಯಿತು. 1973ರಲ್ಲಿ ನಮ್ಮ ಪಕ್ಕದ ಬಂಡೀಪುರವೇ ಹುಲಿ ಯೋಜನೆಗೆ ಸೇರಿತು. ಪ್ರಾಣಿಗಳನ್ನು ಎಣಿಸಿ ಉಳಿಸಬೇಕಾದ ಕಾಲ ಬಂದಿತ್ತು. ಬ್ಲೇಡ್ ರನ್ನರ್‌ಗೆ ಆಧಾರವಾದ ಫಿಲಿಪ್ ಕೆ. ಡಿಕ್‌ನ ಕಾದಂಬರಿ 1968ರದ್ದು. ಅದರಲ್ಲಿ ಜೀವಂತ ಪ್ರಾಣಿ ಸಾಕುವುದೇ ಅಂತಸ್ತಿನ ಗುರುತು, ನಾಯಕನ ಬಳಿ ಇರುವುದು ವಿದ್ಯುತ್ ಕುರಿ. ಹಕ್ಸ್‌ಲಿಗೆ ಇಲ್ಲದ ಭಯ ಸ್ಕಾಟ್‌ಗೆ ಏಕೆ ಬಂತು ಅನ್ನುವುದಕ್ಕೆ ಈ ಐವತ್ತು ವರ್ಷವೇ ಉತ್ತರ. ಇದನ್ನು ಪ್ರಬಂಧದಲ್ಲಿ ನಾಲ್ಕೈದು ಸಾಲಿನಲ್ಲಿ, ವ್ಯತ್ಯಾಸ ತೋರಿಸಿದ ಜಾಗದಲ್ಲೇ ಹೇಳಿ ಮುಗಿಸಿ.

ಪ್ಯಾರಾ ಕಟ್ಟುವುದು

ಒಂದು ಪ್ಯಾರಾದಲ್ಲಿ ಎರಡೂ ಕೃತಿಗಳು ಇರಲಿ. ಇದೊಂದು ನಿಯಮ ಪಾಲಿಸಿದರೂ ಪ್ರಬಂಧ ಅರ್ಧ ಸುಧಾರಿಸುತ್ತದೆ. ಸಾಮಾನ್ಯವಾಗಿ ಬರುವ ಪ್ಯಾರಾ ಇಂಥದ್ದು:

‘ಬ್ರೇವ್ ನ್ಯೂ ವರ್ಲ್ಡ್ ಕಾದಂಬರಿಯಲ್ಲಿ ನಿಸರ್ಗವನ್ನು ನಾಶ ಮಾಡಲಾಗಿದೆ. ಅದೇ ರೀತಿ ಬ್ಲೇಡ್ ರನ್ನರ್ ಚಿತ್ರದಲ್ಲಿಯೂ ನಿಸರ್ಗವನ್ನು ನಾಶ ಮಾಡಲಾಗಿದೆ. ಇದರಿಂದಾಗಿ ಮನುಷ್ಯರು ಮಾನವೀಯತೆಯನ್ನು ಕಳೆದುಕೊಂಡಿದ್ದಾರೆ.’

ಮೊದಲ ವಾಕ್ಯವೇ ತಪ್ಪು. ಕಾದಂಬರಿಯಲ್ಲಿ ನಿಸರ್ಗ ನಾಶವಾಗಿಲ್ಲ. ‘ಅದೇ ರೀತಿ’ ಅನ್ನುವ ಮಾತು ವ್ಯತ್ಯಾಸವನ್ನು ಮುಚ್ಚಿಹಾಕಿದೆ. ಕೊನೆಯ ವಾಕ್ಯಕ್ಕೆ ಸಾಕ್ಷಿ ಇಲ್ಲ. ‘ಮಾಡಲಾಗಿದೆ’ ಅಂದರೆ ಯಾರು ಮಾಡಿದರು ಅನ್ನುವುದೂ ಗೊತ್ತಾಗುವುದಿಲ್ಲ. ಡಿಸ್ಟೋಪಿಯಾದಲ್ಲಿ ಯಾರು ಮಾಡಿದರು ಅನ್ನುವುದೇ ಅಸಲು ವಿಷಯ ಅಲ್ವಾ? ಅದೇ ಪ್ಯಾರಾವನ್ನು ಹೀಗೆ ಬರೆಯಬಹುದು:

‘ಹಕ್ಸ್‌ಲಿಯ ಲಂಡನ್ನಿನಲ್ಲಿ ಕಡಲು ಎಲ್ಲೂ ಹೋಗಿಲ್ಲ, ಆದರೆ ಅದನ್ನು ನೋಡಲು ಜನರಿಗೆ ಆಗುವುದಿಲ್ಲ. ಆರನೇ ಅಧ್ಯಾಯದಲ್ಲಿ ಬರ್ನಾರ್ಡ್ ಕಡಲ ಮೇಲೆ ಹೆಲಿಕಾಪ್ಟರ್ ನಿಲ್ಲಿಸಿ ಸುಮ್ಮನೆ ನೋಡೋಣ ಅಂದಾಗ, ಜೊತೆಗಿದ್ದ ಲೆನಿನಾ ಹೆದರಿ ರೇಡಿಯೊ ಹಾಕುತ್ತಾಳೆ. ಸರ್ಕಾರ ಅವಳಿಂದ ಕಡಲನ್ನು ಕಸಿದಿಲ್ಲ, ಕಡಲ ಎದುರು ಒಬ್ಬಳೇ ನಿಲ್ಲುವ ಶಕ್ತಿಯನ್ನು ಕಸಿದಿದೆ. ಸ್ಕಾಟ್‌ನ ಲಾಸ್ ಏಂಜಲೀಸ್‌ನಲ್ಲಿ ಆ ಶಕ್ತಿ ಇನ್ನೂ ಇದೆ, ನೋಡಲು ಏನೂ ಉಳಿದಿಲ್ಲ. ಹಾವು ನಿಜವಾದದ್ದೇ ಅಂತ ಕೇಳಿದಾಗ, ಕ್ಲಬ್ಬಿನಲ್ಲಿ ಹಾವು ಹಿಡಿದು ಕುಣಿಯುವ ಜೋರಾ, ಅಷ್ಟು ದುಡ್ಡಿದ್ದಿದ್ದರೆ ನಾನು ಇಂಥ ಕಡೆ ಕೆಲಸ ಮಾಡುತ್ತಿದ್ದೆನೇ ಅನ್ನುತ್ತಾಳೆ. ಲೆನಿನಾಗೆ ಬೇಡವಾದ ಪುಕ್ಕಟೆ ನಿಸರ್ಗ ಜೋರಾಗೆ ಕೈಗೆಟುಕದ ಸರಕು.’

ಉದ್ದ ಜಾಸ್ತಿಯಾಯಿತು ನಿಜ. ಆದರೆ ಪ್ರತಿ ವಾಕ್ಯಕ್ಕೂ ಕೃತಿಯಲ್ಲಿ ಒಂದು ಆಧಾರ ಇದೆ. ಕೊನೆಯ ವಾಕ್ಯ ಎರಡನ್ನೂ ಒಟ್ಟಿಗೆ ಹಿಡಿದಿದೆ. ಎರಡು ಸಾವಿರ ಪದದ ಪ್ರಬಂಧವಾದರೆ ಇಂಥ ಪ್ಯಾರಾಗಳು ನಾಲ್ಕೈದು ಬಂದರೆ ಸಾಕು.

ಸಿನಿಮಾವನ್ನು ಸಿನಿಮಾ ಥರ ಓದಿ

ಸಾಹಿತ್ಯದ ವಿದ್ಯಾರ್ಥಿಗಳು ಸಿನಿಮಾ ಬಗ್ಗೆ ಬರೆಯುವಾಗ ಸಂಭಾಷಣೆ ಮಾತ್ರ ಬರೆಯುತ್ತಾರೆ. ಬೆಳಕು, ಶಬ್ದ, ಬಣ್ಣ, ಕ್ಯಾಮೆರಾ ಎಲ್ಲಿಂದ ನೋಡುತ್ತಿದೆ ಅನ್ನುವುದೂ ಮಾತೇ. ಬ್ಲೇಡ್ ರನ್ನರ್ ಶುರುವಾಗುವುದು ಬೆಂಕಿ ಉಗುಳುವ ಚಿಮಣಿಗಳಿಂದ, ಆ ಬೆಂಕಿಯೇ ಕಾಣುವ ಒಂದು ಕಣ್ಣಿನಿಂದ. ಇದರ ಬಗ್ಗೆ ಒಂದು ಪ್ಯಾರಾ ಬರೆಯಬಹುದು. ರೆಪ್ಲಿಕೆಂಟ್‌ಗಳ ಮುಂದಾಳು ರಾಯ್ ಬ್ಯಾಟಿ ಸಾಯುವಾಗ ಕೈಬಿಟ್ಟ ಪಾರಿವಾಳ 1982ರ ಆವೃತ್ತಿಯಲ್ಲಿ ನೀಲಿ ಆಕಾಶಕ್ಕೆ ಹಾರುತ್ತದೆ. ಫೈನಲ್ ಕಟ್‌ನಲ್ಲಿ ಆಕಾಶವನ್ನು ಬದಲಿಸಿ ಮಬ್ಬು ಮಾಡಿದ್ದಾರೆ. ಯಾವುದು ಸರಿ ಅಂತ ತೀರ್ಪು ಕೊಡಬೇಡಿ. ನಿಮ್ಮ ವಾದಕ್ಕೆ ಅದರಿಂದ ಏನಾಗುತ್ತದೆ ಅಂತ ಹೇಳಿ.

ಕಾದಂಬರಿಗೂ ಅದರದ್ದೇ ಉಪಾಯಗಳಿವೆ. ಮೂರನೇ ಅಧ್ಯಾಯದಲ್ಲಿ ಬೇರೆ ಬೇರೆ ಕಡೆಯ ಮಾತುಗಳನ್ನು ಒಂದೊಂದು ಸಾಲಿನಂತೆ ಕತ್ತರಿಸಿ ಬೆರೆಸಿದ್ದಾನೆ ಹಕ್ಸ್‌ಲಿ. ಸಿನಿಮಾದ ಎಡಿಟಿಂಗ್ ಥರವೇ ಇದೆ.

ಅಡ್ಡ ಮಾತನ್ನು ಎದುರಿಸುವುದು

ಒಳ್ಳೆಯ ಪ್ರಬಂಧ ತನ್ನ ವಾದಕ್ಕೆ ತೊಂದರೆ ಕೊಡುವ ಜಾಗವನ್ನು ಬಚ್ಚಿಡುವುದಿಲ್ಲ. ಕಾದಂಬರಿಯಲ್ಲಿ ನ್ಯೂ ಮೆಕ್ಸಿಕೋದ ಒಂದು ಬೇಲಿಯೊಳಗಿನ ಪ್ರದೇಶ ಬರುತ್ತದೆ. ಕಾದಂಬರಿಯ ಮುಖ್ಯ ಪಾತ್ರ ಜಾನ್ ಬೆಳೆದ ಜಾಗ. ಅಲ್ಲಿ ತಾಯ್ತನ ಇದೆ, ಮುಪ್ಪು ಇದೆ, ದೇವರು ಇದೆ. ‘ಇದೇ ನಿಜವಾದ ನಿಸರ್ಗ, ಇದೇ ಪರಿಹಾರ’ ಅಂತ ಬರೆದುಬಿಡುವ ಆಸೆ ಆಗುತ್ತದೆ. ಆದರೆ ಅಲ್ಲಿ ಕೊಳಕು, ಕಾಯಿಲೆ, ಚಾವಟಿ ಏಟಿನ ಆಚರಣೆ ಎಲ್ಲವೂ ಇವೆ. ಜಾನ್‌ನ ತಾಯಿ ಲಿಂಡಾಳನ್ನು ಹೆಂಗಸರೇ ಹಿಡಿದು ಹೊಡೆಯುತ್ತಾರೆ. ಹುಚ್ಚು ನಾಗರಿಕತೆ, ಬುಡಕಟ್ಟಿನ ಹಳ್ಳಿ, ಈ ಎರಡೇ ದಾರಿಯನ್ನು ಜಾನ್‌ಗೆ ಕೊಟ್ಟದ್ದು ಕಾದಂಬರಿಯ ದೊಡ್ಡ ಕೊರತೆ ಅಂತ ಹಕ್ಸ್‌ಲಿಯೇ 1946ರ ಮುನ್ನುಡಿಯಲ್ಲಿ ಒಪ್ಪಿಕೊಂಡಿದ್ದಾನೆ. ಈ ಒಂದು ಮಾತು ಹಾಕಿದರೆ ಪ್ರಬಂಧಕ್ಕೆ ತೂಕ ಬರುತ್ತದೆ.

ಆ ಪ್ರದೇಶದ ಸುತ್ತ ವಿದ್ಯುತ್ ಬೇಲಿ ಇದೆ. ಬೇಲಿಯ ಬುಡದಲ್ಲಿ ಜಿಂಕೆ, ಮುಳ್ಳುಹಂದಿ ಮುಂತಾದವುಗಳ ಬಿಳಿ ಮೂಳೆಗಳು ಬಿದ್ದಿವೆ. ಎಚ್.ಡಿ. ಕೋಟೆ ಕಡೆಯ ಹುಡುಗ ಹುಡುಗಿಯರಿಗೆ ಈ ಸಾಲು ಓದಿದರೆ ಕಾಡಂಚಿನ ಬೇಲಿಗಳು ನೆನಪಾಗದೆ ಇರವು. ಇಂಥ ಕಡೆ ಊರಿನ ಮಾತನ್ನು ತರಬಹುದು, ಒಂದೇ ವಾಕ್ಯ. ಮೊದಲ ಪ್ಯಾರಾದಲ್ಲಿ ಸುಮ್ನೆ ಚಾಮುಂಡಿ ಬೆಟ್ಟ, ಕುಕ್ಕರಹಳ್ಳಿ ಕೆರೆ ಅಂತ ಶುರು ಮಾಡಿ ಆಮೇಲೆ ಅದರ ಸುದ್ದಿಯನ್ನೇ ಎತ್ತದಿರುವುದು ಬೇಡ.

ಕನ್ನಡ ಕೃತಿ ಸೇರಿಸಬಹುದೇ ಅಂತ ಕೇಳುವವರು ಬಹಳ. ಸೇರಿಸಿ, ಆದರೆ ಅದನ್ನು ಎಳೆದು ಡಿಸ್ಟೋಪಿಯಾ ಮಾಡಬೇಡಿ. ತೇಜಸ್ವಿಯವರ ‘ಕರ್ವಾಲೊ’ 1980ರದ್ದು, ಬ್ಲೇಡ್ ರನ್ನರ್‌ಗಿಂತ ಎರಡೇ ವರ್ಷ ಹಿಂದಿನದು. ಅಲ್ಲಿ ಹಾರುವ ಓತಿಯನ್ನು ಹುಡುಕಿಕೊಂಡು ಕಾಡಿಗೆ ಹೋದವರ ಕೈಗೆ ಅದು ಕೊನೆಗೂ ಸಿಗದೆ ತೇಲಿಹೋಗುತ್ತದೆ. ಸೀರಿಯಲ್ ನಂಬರ್ ಇರುವ ಹಾವಿನ ಪಕ್ಕ ಈ ಓತಿಯನ್ನು ಎರಡು ಸಾಲಿನಲ್ಲಿ ಇಟ್ಟರೆ ವಾದಕ್ಕೆ ಹೊಸ ಬೆಳಕು ಬೀಳುತ್ತದೆ. ಮೂರನೇ ಕೃತಿಗೆ ಅದಕ್ಕಿಂತ ಜಾಸ್ತಿ ಜಾಗ ಕೊಟ್ಟರೆ ಪ್ರಬಂಧ ದಾರಿ ತಪ್ಪುತ್ತದೆ.

ಮುಗಿಸುವುದು, ತಿದ್ದುವುದು

ಕೊನೆಯ ಪ್ಯಾರಾದಲ್ಲಿ ‘ಆದ್ದರಿಂದ ನಾವೆಲ್ಲರೂ ಪರಿಸರವನ್ನು ಉಳಿಸಬೇಕು’ ಅಂತ ಬರೆಯಬೇಡಿ. ಅದು ಪರಿಸರ ದಿನದ ಭಾಷಣಕ್ಕೆ ಸರಿ. ಅದರ ಬದಲು ಎರಡೂ ಕೃತಿಗಳು ಮುಗಿಯುವ ಬಗೆಯನ್ನು ಹೋಲಿಸಿ. ಜಾನ್ ಹಳೆಯ ಲೈಟ್‌ಹೌಸ್ ಒಂದರಲ್ಲಿ ಒಬ್ಬನೇ ಬದುಕಲು ಹೋಗಿ, ನೋಡಲು ಬಂದ ಜನರ ಕಾಟಕ್ಕೆ ಸಿಕ್ಕಿ ನೇಣು ಹಾಕಿಕೊಳ್ಳುತ್ತಾನೆ. ಫೈನಲ್ ಕಟ್‌ನಲ್ಲಿ ಡೆಕರ್ಡ್, ರೇಚಲ್ ಲಿಫ್ಟಿನೊಳಗೆ ಹೋಗುತ್ತಾರೆ, ಬಾಗಿಲು ಮುಚ್ಚುತ್ತದೆ. ಒಬ್ಬನಿಗೆ ಹೋಗಲು ಹಳ್ಳಿಗಾಡಿತ್ತು, ಜನ ಬಿಡಲಿಲ್ಲ. ಇವರಿಬ್ಬರಿಗೆ ಹೋಗುವ ಜಾಗ ಯಾವುದು ಅಂತ ಸಿನಿಮಾ ಹೇಳುವುದಿಲ್ಲ.

ತಿದ್ದುವಾಗ ಒಂದು ಹೈಲೈಟರ್ ತೆಗೆದುಕೊಂಡು ಬರೀ ಕಥೆ ಹೇಳುವ ವಾಕ್ಯಗಳಿಗೆಲ್ಲ ಬಣ್ಣ ಹಚ್ಚಿ. ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಬಣ್ಣ ಕಂಡರೆ ಕತ್ತರಿ ಹಾಕಿ. ‘ಅದೇ ರೀತಿ’, ‘ಹಾಗೆಯೇ’ ಅಂತ ಬಂದ ಕಡೆಯೆಲ್ಲ ನಿಂತು, ನಿಜಕ್ಕೂ ಅದೇ ರೀತಿಯೇ ಅಂತ ಕೇಳಿಕೊಳ್ಳಿ. ಹೆಸರುಗಳ ಕಾಗುಣಿತ ಪ್ರಬಂಧದುದ್ದಕ್ಕೂ ಒಂದೇ ಇರಲಿ. ಒಂದು ಕಡೆ ಹಕ್ಸ್‌ಲಿ, ಇನ್ನೊಂದು ಕಡೆ ಹಕ್ಸಲೇ ಆಗುವುದು ಬೇಡ. ಕನ್ನಡದಲ್ಲಿ ಬರೆಯುತ್ತಿದ್ದರೆ ಮೂಲದ ಸಾಲುಗಳನ್ನು ನೀವೇ ಅನುವಾದಿಸಿ, ಅನುವಾದ ನನ್ನದು ಅಂತ ಒಂದು ಕಡೆ ಹೇಳಿ.

ಬರೆಯುತ್ತಾ ಬರೆಯುತ್ತಾ ವಾದ ಸ್ವಲ್ಪ ಬದಲಾಗಿರುತ್ತದೆ. ಹಾಗಾಗಿ ಮೊದಲ ಪ್ಯಾರಾವನ್ನು ಎಲ್ಲಕ್ಕಿಂತ ಕೊನೆಗೆ ಇನ್ನೊಮ್ಮೆ ಹೊಸದಾಗಿ ಬರೆಯಿರಿ. ಪರೀಕ್ಷೆ ಹಾಲ್‌ನಲ್ಲಿ ಇದಕ್ಕೆ ಸಮಯ ಇರುವುದಿಲ್ಲ. ಅಲ್ಲಿ ಉತ್ತರ ಪತ್ರಿಕೆಯ ಮೊದಲ ಏಳೆಂಟು ಸಾಲು ಖಾಲಿ ಬಿಟ್ಟು, ದೃಶ್ಯಗಳ ಜೋಡಿಯಿಂದಲೇ ಶುರು ಮಾಡಿ. ಪೀಠಿಕೆಯನ್ನು ಕೊನೆಯ ಹತ್ತು ನಿಮಿಷದಲ್ಲಿ ಆ ಜಾಗದಲ್ಲಿ ತುಂಬಿಸಿ.